ಖಾಲಿ ಹೋದ ಡಬ್ಬಿ

ಅತ್ತೆಯನ್ನು ಮೈಸೂರಿನಿಂದ ನ್ಯೂಜೆರ್ಸಿಗೆ ಕರೆತರುವಾಗ ದಾರಿಯಲ್ಲಿ ಒಂದು ವಾರ ಜಪಾನಿನ ಹಳ್ಳಿಯೊಂದರಲ್ಲಿ ಇದ್ದು ಬರೋಣ ಅಂದವರು ನಮ್ಮ ಮನೆಯವರು. ನಾವಿರುವ ಕೆಂಡಲ್ ಪಾರ್ಕಿನಿಂದ ಹೊರಟು ದಿನಾ ರೂಟ್ ಒನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತು ಕೂತು ಅವರಿಗೆ ಶಾಂತಿಯ ಹುಚ್ಚು ಹಿಡಿದಿತ್ತು. ಬಾಡಿಗೆಗೆ ಸಿಕ್ಕ ಹಳೇ ಮರದ ಮನೆಯಲ್ಲಿ ಶಾಂತಿ ಬೇಕಾದಷ್ಟಿತ್ತು, ಚಳಿಯೂ ಅಷ್ಟೇ ಇತ್ತು. ಬಾಗಿಲು ದಾಟುವಾಗಲೆಲ್ಲ ಅವರ ಹಣೆ ತೊಲೆಗೆ ಬಡಿಯುತ್ತಿತ್ತು. ಎಂಬತ್ತರ ಹತ್ತಿರದ ಹೆಂಗಸನ್ನು ಮಾತಿಗೊಬ್ಬರಿಲ್ಲದ ಊರಿಗೆ ತಂದು ಕೂರಿಸಿದ್ದೀರಲ್ಲ ಎಂದು ನಾನು ಮೊದಲ ದಿನವೆಲ್ಲ ಸಿಡುಕುತ್ತಲೇ ಇದ್ದೆ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇಯಿಸಿದ ಗೆಣಸು ತಂದುಕೊಟ್ಟು, ಬಗ್ಗಿ ನಮಸ್ಕರಿಸಿ ಹೋದರು. ಅತ್ತೆ ಗೆಣಸು ತಿಂದರು, ಡಬ್ಬಿ ತೊಳೆದರು, ನ್ಯೂಜೆರ್ಸಿಯಲ್ಲಿರುವ ಮೊಮ್ಮಗನಿಗೆಂದು ಮೈಸೂರಿನಿಂದ ತಂದಿದ್ದ ಕೋಡುಬಳೆಯನ್ನು ಅದರಲ್ಲಿ ತುಂಬಿ ತಾವೇ ಕೊಟ್ಟು ಬಂದರು. ಯಾರದೇ ಡಬ್ಬಿಯನ್ನು ಬರಿದಾಗಿ ವಾಪಸು ಕೊಡುವುದು ನಮ್ಮಲ್ಲಿ ಎಲ್ಲಿದೆ? ಮರುದಿನ ಅದೇ ಡಬ್ಬಿಯಲ್ಲಿ ಮೂಲಂಗಿ ಉಪ್ಪಿನಕಾಯಿ ಬಂತು, ರವೆ ಉಂಡೆ ಹೋಯಿತು. ಇದನ್ನು ತಿಳಿಸಿದಾಗ, ಪೇಟೆಯಲ್ಲಿದ್ದ ಆ ಬಾಡಿಗೆ ಮನೆಯ ಮಾಲೀಕ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಬರೆದ: ಇಲ್ಲಿಯೂ ಹಾಗೆಯೇ, ಕೊಟ್ಟವರಿಗೆ ಏನಾದರೂ ತಿರುಗಿ ಕೊಡದೆ ಇರುವಂತಿಲ್ಲ. ಇಬ್ಬರಲ್ಲಿ ಯಾರೂ ಸೋಲುವವರಲ್ಲ, ಮೊಮ್ಮಗನ ಪಾಲಿಗೆ ಏನೂ ಉಳಿಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ವಾರದ ಮಧ್ಯಕ್ಕೆ ಅತ್ತೆ ಆ ಅಜ್ಜಿಯ ಜಗಲಿಯಲ್ಲೇ ಇರತೊಡಗಿದರು. ಟೊಮೆಟೊ ಹಾಗಿರುವ ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆದು, ದಾರಕ್ಕೆ ಕಟ್ಟಿ ಸೂರಿನಡಿ ಒಣಗಲು ತೂಗುಹಾಕುವ ಕೆಲಸ. ಅತ್ತೆ ಕನ್ನಡದಲ್ಲಿ ತಮ್ಮ ಮಂಡಿನೋವಿನ ಕಥೆ ಹೇಳುವರು, ಅಜ್ಜಿ ಜಪಾನಿ ಭಾಷೆಯಲ್ಲಿ ಇನ್ನೇನೋ ಹೇಳುವರು. ಒಬ್ಬರದು ಇನ್ನೊಬ್ಬರಿಗೆ ತಿಳಿಯದಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅತ್ತೆ ನನ್ನ ಜೊತೆ ಅಷ್ಟು ಮಾತಾಡಿದ್ದಿಲ್ಲ. ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹೊರಡುವ ಬೆಳಿಗ್ಗೆ ಅಜ್ಜಿ ಬೇರೆಯೇ ಡಬ್ಬಿ ತಂದರು. ಚನ್ನಪಟ್ಟಣದ ಬೊಂಬೆಯಂತೆ ಹೊಳೆಯುವ, ಮುಚ್ಚಳವಿಲ್ಲದ ಕೆಂಪು ಮರದ ಚೌಕ ಡಬ್ಬಿ. ಮೇಲೊಂದು ಬಟ್ಟೆ, ಒಳಗೆ ಕೆಂಪು ಕಾಳು ಹಾಕಿದ ಅನ್ನ. ಅನ್ನವನ್ನು ನಮ್ಮ ಪಾತ್ರೆಗೆ ಬಗ್ಗಿಸಿ ಡಬ್ಬಿ ತೊಳೆದಾಯಿತು. ಆದರೆ ಅತ್ತೆಯ ಚೀಲದಲ್ಲಿ ಒಂದು ಚೂರು ತಿಂಡಿಯೂ ಉಳಿದಿರಲಿಲ್ಲ. ಟ್ಯಾಕ್ಸಿ ಬಂದು ನಿಂತಿತ್ತು.

"ಅಮ್ಮ, ಹಾಗೇ ಕೊಟ್ಬಿಡು, ಟ್ರೈನ್ ಮಿಸ್ ಆಗತ್ತೆ" ಅಂದರು ನಮ್ಮವರು.

"ಖಾಲಿ ಡಬ್ಬಿ ಹೇಗೋ ಕೊಡೋದು? ಒಂದು ಹಿಡಿ ಸಕ್ಕರೆನಾದ್ರೂ ಬೇಡ್ವಾ?"

ಆ ಮನೆಯಲ್ಲಿ ಸಕ್ಕರೆ ಇರಲಿಲ್ಲ. ಊರಿಗೆ ಹೋಗಿ ತುಂಬಿಸಿ ಕಳಿಸಿದರಾಯಿತು ಎಂದು ನಾನೂ ಅತ್ತೆಯ ಪರವಾಗಿಯೇ ಹೇಳಿದೆ. ಅತ್ತೆ ಸನ್ನೆಯಲ್ಲಿ ಅದನ್ನು ತಿಳಿಸಿ ಡಬ್ಬಿಯನ್ನು ಎದೆಗವಚಿಕೊಂಡರು. ಅಜ್ಜಿಯ ಕೈ ಡಬ್ಬಿಯ ಕಡೆಗೆ ಬಂತು, ಹಾಗೇ ಹಿಂದಕ್ಕೆ ಹೋಯಿತು. ಆಮೇಲೆ ಅವರು ನಕ್ಕು ನಮಸ್ಕರಿಸಿದರು. ನಾವು ಟ್ಯಾಕ್ಸಿ ಹತ್ತಿದೆವು.

ಮನೆಗೆ ಬಂದ ಮೇಲೆ ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಚಕ್ಕುಲಿ ತಂದೆ. ಅಂಗಡಿಯದು ಬೇಡ, ಅಷ್ಟು ಹಣ್ಣು ಜೊತೆಯಲ್ಲಿ ಕೂತು ಹೆರೆದವರಿಗೆ ತಮ್ಮ ಕೈಯಿಂದಲೇ ಮಾಡಿದ್ದು ಹೋಗಬೇಕು ಎಂದರು ಅತ್ತೆ. ಅಕ್ಕಿ ಹಿಟ್ಟು, ಬಿಳಿ ಎಳ್ಳು ಎಲ್ಲ ತಂದಿಟ್ಟೆ. ಅಷ್ಟರಲ್ಲಿ ಡ್ರೈವ್‌ವೇಯ ಐಸ್ ಮೇಲೆ ಜಾರಿ ಬಿದ್ದು ಅವರ ಬಲಗೈ ಮುರಿಯಿತು. ಪ್ಲಾಸ್ಟರ್ ಬಿಚ್ಚಲಿ, ಮಾಡೋಣ ಎಂದು ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಕೂತಿತು.

ಡಿಸೆಂಬರ್ ಮುಗಿಯುತ್ತ ಬಂದಾಗ ಜಪಾನಿನ ಮನೆ ಮಾಲೀಕನ ಮೆಸೇಜ್ ಬಂತು: ಅಜ್ಜಿಗೆ ತಿಳಿಯದಂತೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅದು ಒಂದರ ಮೇಲೊಂದು ಕೂರುವ ಮೂರು ಡಬ್ಬಿಗಳ ಸೆಟ್, ಅಜ್ಜಿಯ ತಾಯಿಯದು. ಹೊಸವರ್ಷದ ದಿನ ಮನೆಯವರೆಲ್ಲ ಅದರಲ್ಲೇ ಊಟ ಮಾಡುವುದು. ನಡುವಿನದು ನಿಮ್ಮಲ್ಲಿದೆ.

ತಕ್ಷಣ ಕೊರಿಯರ್ ಆಫೀಸಿಗೆ ಫೋನ್ ಮಾಡಿದೆ. ಇವತ್ತೇ ಹಾಕಿದರೆ ಹೊಸವರ್ಷದೊಳಗೆ ತಲುಪುತ್ತದೆ, ಆದರೆ ತಿನ್ನುವ ವಸ್ತು ಇದ್ದರೆ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು ಎಂದರು. ಒಂದು ಪೊಟ್ಟಣ ಸಕ್ಕರೆ ಹಾಕಲೇ ಎಂದು ಮನೆಯಲ್ಲಿ ಕೇಳಿದೆ.

"ಬಿಳಿ ಪುಡಿ ಪೊಟ್ಟಣ ಕಟ್ಟಿ ಕಳಿಸು, ಪೊಲೀಸರೇ ಮನೆಗೆ ಬರ್ತಾರೆ" ಅಂದರು ನಮ್ಮವರು.

ಅತ್ತೆ ಎಡಗೈಯಿಂದ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. "ಹಬ್ಬಕ್ಕೆ ಅವರ ಡಬ್ಬಿ ಅವರಿಗಿರ್ಲಿ. ಹಾಗೇ ಕಳಿಸು" ಎಂದು ಎದ್ದು ರೂಮಿಗೆ ಹೋದರು.

ಡಬ್ಬಿ ಹಬ್ಬದ ಮುನ್ನಾದಿನ ತಲುಪಿತು. ಮಾಲೀಕ ಮೂರೂ ಡಬ್ಬಿ ಜೋಡಿಸಿಟ್ಟ ಫೋಟೊ ಕಳಿಸಿದ, ಮುಚ್ಚಳ ಮೇಲೆ ಸರಿಯಾಗಿ ಕೂತಿತ್ತು. ಕೆಳಗೆ ಎರಡು ಸಾಲು. ಅಜ್ಜಿ ಕೇಳುತ್ತಿದ್ದಾರೆ, ತನ್ನಿಂದ ಏನಾದರೂ ತಪ್ಪಾಯಿತೇ? ಆ ವಾರವೆಲ್ಲ ಒಂದು ದಿನವೂ ಡಬ್ಬಿ ಖಾಲಿ ಬಂದಿರಲಿಲ್ಲವಂತೆ.

ಮುರಿದ ಕೈ, ಕಸ್ಟಮ್ಸ್, ಎಲ್ಲವನ್ನೂ ಉದ್ದಕ್ಕೆ ಬರೆದೆ. ಅವನು ಹೇಳುತ್ತೇನೆ ಎಂದ. ಹೇಗೆ ಹೇಳಿದನೋ, ಅವರು ಹೇಗೆ ಕೇಳಿಸಿಕೊಂಡರೋ, ನನಗೆ ಗೊತ್ತಾಗಲಿಲ್ಲ.

ಅತ್ತೆಗೆ ಫೋಟೊ ಮಾತ್ರ ತೋರಿಸಿದೆ. ಎಡಗೈಯಲ್ಲಿ ಫೋನ್ ಹಿಡಿದು ನೋಡಿದರು.

"ಏನಂದ್ರಂತೆ ಅವರು?"

"ಖುಷಿಯಾಯ್ತಂತೆ ಅತ್ತೆ."

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಖಾಲಿ ಡಬ್ಬಿ ನೋಡಿ ಯಾರಿಗೆ ಖುಷಿಯಾಗತ್ತೆ?"