ಪಕ್ಕದಲ್ಲಿ ನಿಂತವಳು

ಮೊನ್ನೆ ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ ನಂದಿಬಟ್ಟಲು ಕೊಯ್ಯುತ್ತಿದ್ದಾಗ ಬೆರಳಿಗೆ ಅದರ ಹಾಲು ಅಂಟಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಅತ್ತೆ ನೆನಪಾದರು. ಕಣ್ಣಿಗೆ ತಂಪೆಂದು ಅವರು ಇದೇ ಹೂವನ್ನು ನೀರಲ್ಲಿ ನೆನೆಸಿ ರೆಪ್ಪೆಯ ಮೇಲಿಟ್ಟುಕೊಂಡು ಮಲಗುತ್ತಿದ್ದರು...

ಅತ್ತೆಯೆಂದರೆ ರಕ್ತಸಂಬಂಧವೇನಲ್ಲ. ತಿ. ನರಸೀಪುರದ ಕಡೆಯಿಂದ ಮದುವೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಹಿಂದೊಮ್ಮೆ ಎದೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಅದು ಮುಗಿದ ಕತೆ ಎಂದೇ ನಾವೆಲ್ಲ ತಿಳಿದಿದ್ದೆವು.

ನಾನು ಡಿಗ್ರಿ ಓದುತ್ತಿದ್ದಾಗಿನ ಮಾತು. ಒಂದು ಸಂಜೆ ತಮ್ಮ ಜಗಲಿಯಲ್ಲಿ ಕೂತಿದ್ದವರು ಎಡಕ್ಕೆ, ನಮ್ಮ ಜಗಲಿಯ ಕಡೆ ತಿರುಗಿ ಅಮ್ಮನನ್ನು ಕೇಳಿದರು: "ನಿನ್ ಮಗಳ ಪಕ್ಕ ಇನ್ನೊಬ್ಳು ನಿಂತವ್ಳಲ್ಲ, ಯಾರವ್ವ ಅದು? ಥೇಟು ಇವಳಂಗೇ ಅವ್ಳೆ."

ಅಮ್ಮನ ಕೈಲಿದ್ದ ಮೊರ ನಿಂತಿತು. ನಾನು ಅವಳಿಯಾಗಿ ಹುಟ್ಟಿದವಳು. ಇನ್ನೊಬ್ಬಳು ಹುಟ್ಟಿದ ದಿನವೇ ಹೋದಳು, ಹೆಸರೂ ಇಟ್ಟಿರಲಿಲ್ಲ.

ಅಂದಿನಿಂದ ಅಮ್ಮನಿಗೆ ಅದೇ ಗೀಳು. ದಿನಾ ಸಂಜೆ ನನ್ನನ್ನು ಜಗಲಿಯಲ್ಲಿ ನಿಲ್ಲಿಸಿ ಅತ್ತೆಯನ್ನು ಕೇಳುವುದು. ಇದ್ದಾಳೆ ಎನ್ನುತ್ತಿದ್ದರು ಅತ್ತೆ. ಅವರ ಕಣ್ಣಿಗೆ ಅಮ್ಮನೂ ಇಬ್ಬರಾಗಿ ಕಂಡಿರಬೇಕು, ಕಂಬವೂ ಎರಡಾಗಿರಬೇಕು. ಅದನ್ನು ಯಾರು ಕೇಳಿದರು? ನನಗೆ ಮಾತ್ರ ಪಕ್ಕಕ್ಕೆ ತಿರುಗಿ ನೋಡಲೂ ಧೈರ್ಯವಾಗುತ್ತಿರಲಿಲ್ಲ. ಬರಬರುತ್ತಾ ಅತ್ತೆ ನಮ್ಮ ಕಡೆ ತಿರುಗಿದರೂ ಎಡಗಣ್ಣು ಮಾತ್ರ ಜೊತೆಗೆ ಬರದೆ ಬೀದಿಯನ್ನೇ ನೋಡುತ್ತಾ ನಿಂತಿರುತ್ತಿತ್ತು. "ದೂರ ಓಯ್ತಾವ್ಳೆ ಕಣವ್ವ, ಮೊದಲಿನಂಗೆ ಅಂಟ್ಕೊಂಡಿಲ್ಲ" ಎಂದರು ಒಂದು ದಿನ. ಅಮ್ಮ ಅವತ್ತು ಊಟ ಮಾಡಲಿಲ್ಲ.

ಅತ್ತೆಗೆ ತಲೆಸುತ್ತು, ವಾಂತಿ ಹೆಚ್ಚಾದಾಗ ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಎದೆಯ ಕ್ಯಾನ್ಸರ್ ಕಣ್ಣು ತಿರುಗಿಸುವ ಸ್ನಾಯುಗಳಿಗೆ ಹಬ್ಬಿದೆ, ಅದಕ್ಕೇ ಎಡಕ್ಕೆ ನೋಡಿದರೆ ಒಂದು ಎರಡಾಗಿ ಕಾಣುತ್ತದೆ ಎಂದರು ಡಾಕ್ಟರು. ಎಡಗಣ್ಣಿಗೆ ಪಟ್ಟಿ ಕಟ್ಟಿದರು. ಎರಡನೆಯವಳು ಮಾಯವಾದಳು, ಅತ್ತೆಗೆ ನಾಲ್ಕು ತುತ್ತು ಅನ್ನ ಸೇರಿತು.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು. ಕೇಳಿಸಿಕೊಂಡು, ಎದ್ದು ಹೋಗಿ ಅತ್ತೆಯ ಮುಂದೆ ಕೂತಳು. "ಒಂದ್ಗಳಿಗೆ ಪಟ್ಟಿ ತಗೀರಕ್ಕ." ಅತ್ತೆ ತೆಗೆದರು. ದಿನಾ ತೆಗೆದರು. ನನ್ನ ಕಡೆ ನೋಡಿ, ಇದ್ದಾಳೆಂದು ಹೇಳಿ, ಆಮೇಲೆ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು ನನಗೆ. ಬೇಡಿ ಎಂದರೆ ಅತ್ತೆ ನನ್ನನ್ನೇ ಗದರುತ್ತಿದ್ದರು: "ಎತ್ತೋಳ್ ಸಂಕ್ಟ ನಿಂಗೇನ್ ಗೊತ್ತು, ಸುಮ್ಕಿರು."

ಕೊನೆಗೆ ಆ ಕಣ್ಣಿನ ರೆಪ್ಪೆ ಪೂರ್ತಿ ಇಳಿದು ಮುಚ್ಚಿಕೊಂಡಿತು. ಇನ್ನು ಎರಡು ಕಾಣಲು ಸಾಧ್ಯವೇ ಇರಲಿಲ್ಲ. ಅಮ್ಮ ಆದರೂ ಕೇಳಿದಳು. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಮಗ್ಗುಲಿಗೆ ಕೈ ಚಾಚಿ ಹಾಸಿಗೆಯನ್ನು ಸವರಿದರು. "ಇಲ್ಲೇ ಬಂದು ಕುಂತವ್ಳೆ. ನಾ ಕರ್ಕೊಂಡ್ ಓಯ್ತೀನಿ, ಇನ್ ಬುಟ್ಬುಡವ್ವ."

ಅಲ್ಲಿ ಹಾಸಿಗೆ ಒಂದಿಷ್ಟು ತಗ್ಗಾದಂತೆ ನನಗೆ ಕಂಡಿತು... ಕಂಡಂತಾಯಿತು ಅಷ್ಟೇ ಇರಬಹುದು. ಅಮ್ಮ "ಆಗಲಿ ಅಕ್ಕ" ಎಂದಳು.

ಅತ್ತೆಯ ಬೂದಿಯನ್ನು ಅವರ ತವರಿನ ಕಡೆಗೇ ಒಯ್ದು ತಿರುಮಕೂಡಲಿನ ಸಂಗಮದಲ್ಲಿ ಬಿಟ್ಟೆವು. ಆಮೇಲೆ ಅಮ್ಮ ಆ ಮಾತನ್ನು ಎತ್ತಲೇ ಇಲ್ಲ. ಅತ್ತೆ ಕಂಡದ್ದನ್ನು ಹೇಳಿದರೋ, ಅಮ್ಮನನ್ನು ಬಿಡಿಸಲೆಂದೇ ಹೇಳಿದರೋ... ಕೇಳೋಣವೆಂದರೆ ಅವರಿಲ್ಲ. ಆಗ ಹೆದರಿ ಸಾಯುತ್ತಿದ್ದವಳು ನಾನು. ಈಗ ಸಂಜೆ ಜಗಲಿಗೆ ಬಂದರೆ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ನಿಲ್ಲುತ್ತೇನೆ. ನೋಡಿದವರಿಗೆಲ್ಲ ನಾನು ಒಬ್ಬಳೇ ಕಾಣುತ್ತೇನೆ.