ಚೌಕದ ಪುರಿ ಉಂಡೆ

ಕಳೆದ ಭಾನುವಾರ ನಾನು ಒಂದು ವಾದ ಗೆದ್ದೆ. ಗೆಲ್ಲುವಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಬಾಣಲೆ ಪುರಿ ಕಲ್ಲಾಗಿತ್ತು.

ನಡೆದದ್ದು ಇಷ್ಟು. ಅಣ್ಣನ ಮದುವೆಯಾಗಿ ಮೂರು ತಿಂಗಳು. ಅತ್ತಿಗೆ ಶಾರದಾ ಹೊಸಕೋಟೆಯವರು. ಈವರೆಗೆ ಅವರ ಪಾಲಿಗೆ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಅಷ್ಟೇ. ಭಾನುವಾರ ಅಮ್ಮ ಮೊದಲ ಬಾರಿಗೆ ಒಲೆ ಬಿಟ್ಟುಕೊಟ್ಟರು. ಪುರಿ ಉಂಡೆ ಆಗಬೇಕಿತ್ತು. ಸಂಜೆ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಹೊಸ ಸೊಸೆ ಮಾಡಿದ್ದನ್ನು ಬಾಯಿಗಿಟ್ಟು ಅವಳ ಕೈಗುಣ ಹೇಳುವುದು ದೊಡ್ಡಬಳ್ಳಾಪುರದ ನಮ್ಮ ಬೀದಿಯ ಪದ್ಧತಿ. (ಅಂದು ಅಂಟಿದ ಹೆಸರು ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಮೂಲೆಮನೆಯಾಕೆ ಇಂದಿಗೂ ‘ಉಪ್ಪಿನ ಪಾಯಸದ ಜಯಮ್ಮ’.)

ಬೆಲ್ಲದ ಪಾಕ ಕುದಿಯುತ್ತಿತ್ತು. ಅತ್ತಿಗೆ ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ತಟ್ಟೆಗೆ ಎಸೆದರು. ಟಣ್ ಎಂದಿತು. ಪುರಿ ಸುರಿದು ಕಲಸಿ ಇಳಿಸಿದರು. ಇನ್ನು ಬಿಸಿ ಆರುವ ಮೊದಲು, ಕೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಬೇಕು. ಅಂಗೈ ಕೆಂಪಾಗುತ್ತದೆ. ಆದರೂ ನಿಲ್ಲಿಸುವಂತಿಲ್ಲ.

ಸರಿಯಾಗಿ ಆಗಲೇ ನಾನು ಬಾಯಿ ಹಾಕಿದೆ. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಅಮೆರಿಕದ ಮ್ಯಾಗಜೀನ್ ಕೈಯಲ್ಲಿತ್ತು.

“ಅತ್ತಿಗೆ, ಅಲ್ಲಿಯೋರು ಉಂಡೆ ಕಟ್ಟೋದೇ ಇಲ್ಲ. ಮಾರ್ಷ್‌ಮ್ಯಾಲೋ ಅಂತ ಹತ್ತಿಯಂಥ ಮಿಠಾಯಿ. ಅದನ್ನ ಬೆಣ್ಣೇಲಿ ಕರಗಿಸಿ, ಪುರಿ ಕಲಸಿ, ತಟ್ಟೆಗೆ ಒತ್ತಿ, ಚೌಕ ಕೊಯ್ತಾರೆ. ಕೈ ಯಾಕೆ ಸುಟ್ಕೋಬೇಕು?”

“ದುಂಡಗಿದ್ರೆ ಡಬ್ಬೀಲಿ ಒಂದಕ್ಕೊಂದು ಅಂಟ್ಕೊಳಲ್ಲ,” ಎಂದರು ಅತ್ತಿಗೆ.

“ಚೌಕ ಇದ್ರೆ ಅಂಟುತ್ತೆ ಅಂತ ಪರೀಕ್ಷೆ ಮಾಡಿದ್ದೀರಾ?”

ಹೊಸ ಸೊಸೆ ಮೈದುನನಿಗೆ ‘ಬಾಯ್ಮುಚ್ಕೊಂಡು ಹೋಗಪ್ಪಾ’ ಎನ್ನಲಾದೀತೇ? ಕೇಳಿದ್ದಕ್ಕೆಲ್ಲ ಕೈ ನಿಲ್ಲಿಸಿ, ಮುಖ ನೋಡಿ, ಉತ್ತರ ಕೊಟ್ಟರು. ನಾನು ಮೂರನೆಯ ಪಾಯಿಂಟಿಗೆ ಬಂದಾಗ “ಇರಬಹುದು, ನೀವು ಹೇಳೋದೇ ಸರಿ” ಎಂದರು.

ಗೆದ್ದೆ! ಅಷ್ಟರಲ್ಲಿ ಕಟ್ಟಿದ್ದು ಏಳೇ ಉಂಡೆ. ಉಳಿದದ್ದು ಬಾಣಲೆಗೆ ಕಚ್ಚಿಕೊಂಡು ಕೂತಿತ್ತು. ಸೌಟು ಹಾಕಿ ಮೀಟಿದರೆ ಸೌಟೇ ಬಾಗಿತು.

ಅಮ್ಮ ಬಾಗಿಲಲ್ಲಿ ನಿಂತಿದ್ದರು. “ಲೋ, ನಿನ್ ಡಿಬೇಟಿಗೆ ನಮ್ಮನೆ ಒಲೇನೇ ಬೇಕಿತ್ತೇನೋ? ಇನ್ನೊಂದು ಗಂಟೇಲಿ ಜನ ಬಂದ್ಬಿಡ್ತಾರೆ. ಆಡ್ಕೊಳೋದು ನಿನ್ನನ್ನಲ್ಲ ಕಣೋ, ಅವಳನ್ನ!”

ಅತ್ತಿಗೆಯ ಕಣ್ಣು ತುಂಬಿತು. ಅಳಲಿಲ್ಲ. ಬಾಣಲೆಯನ್ನು ಕೆಂಡದ ಮೇಲಿಟ್ಟು ಅಂಚಿಗೆ ತುಪ್ಪ ಬಿಟ್ಟರು. ಬೆಲ್ಲ ನಿಧಾನಕ್ಕೆ ಸಡಿಲಿತು. ಮತ್ತೆ ಉಂಡೆ ಕಟ್ಟುತ್ತ ಕೂತರೆ ಮತ್ತೆ ಕಲ್ಲು. ಅಷ್ಟನ್ನೂ ತಟ್ಟೆಗೆ ಸುರಿದು, ಬಟ್ಟಲಿನ ಬೆನ್ನಿನಿಂದ ಒತ್ತಿ, ಚಾಕು ಎಳೆದರು. ಚೌಕ! (ನಾನು ಮಾತಾಡಿದ್ದು ಹತ್ತು ನಿಮಿಷ. ಮಾರ್ಷ್‌ಮ್ಯಾಲೋ ಮುಖವನ್ನೇ ನೋಡದವರು ಮಾಡಿ ಮುಗಿಸಿದ್ದು ಎರಡು ನಿಮಿಷ.)

ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯರಾದ ಪುಟ್ಟಮ್ಮಜ್ಜಿ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದ್ಯಾವ ಸೀಮೆ ಪುರಿ ಉಂಡೆನಮ್ಮಾ? ನಿಮ್ಮ ಹೊಸಕೋಟೇಲಿ ಹಿಂಗೇನಾ?”

‘ಮೈದುನ ಕೆಡಿಸಿಬಿಟ್ಟರು’ ಎಂದಿದ್ದರೆ ಸಾಕಿತ್ತು, ಅತ್ತಿಗೆ ಪಾರಾಗುತ್ತಿದ್ದರು. ಅವರು ಹೇಳಿದ್ದೇ ಬೇರೆ.

“ಇಲ್ಲ ಅಜ್ಜಿ, ನಮ್ಮ ಮೈದುನರು ಪುಸ್ತಕದಲ್ಲಿ ಓದಿ ಹೇಳ್ಕೊಟ್ರು.”

ಅಜ್ಜಿ ಚೂರು ಮುರಿದು ಬಾಯಿಗಿಟ್ಟರು. ದವಡೆ ಬಹಳ ಹೊತ್ತು ಆಡಿತು. “ಉಂಡೆ ಕಡಿಯಾಕೆ ನಂಗೆಲ್ಲವ್ವಾ ಹಲ್ಲು? ಇದಾದ್ರೆ ಮುರ್ಕೊಂಡು ತಿನ್ಬೋದು. ಇನ್ನೆರಡು ಹಾಕು.” ಆ ಎರಡನ್ನೂ ಸೆರಗಿಗೆ ಕಟ್ಟಿಕೊಂಡರು. ಆಮೇಲೆ ಬಂದವರಿಗೆಲ್ಲ ಅಮ್ಮ ತಾವೇ ತಟ್ಟೆ ಹಿಡಿದು, “ತಗೊಳ್ರೀ, ನಮ್ಮ ಶಾರದಾ ಮಾಡಿದ್ದು” ಎಂದರು.

ಚರ್ಚಾಸ್ಪರ್ಧೆಯಲ್ಲಿ ಎರಡು ಕಪ್ ಗೆದ್ದ ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ‘ಕೆಡಿಸಿದ್ದು ನಾನು, ಉಳಿಸಿದ್ದು ಅವರು’ ಎಂಬ ನಾಲ್ಕು ಮಾತಿಗೆ ನನಗೆ ಬಾಯೇಕೆ ಬರಲಿಲ್ಲ?