ನೋವಾದರೆ ಹೇಳಬೇಕು

ಹೋದ ವರ್ಷ ಜುಲೈನ ಒಂದು ಸೋಮವಾರ, ಬೆಳಗಿನ ಬಿಡುವಿನಲ್ಲಿ, ನನ್ನ ತಂಗಿಯ ಮಗಳು ಹರಿಹರದ ತನ್ನ ಶಾಲೆಯ ಮೆಟ್ಟಿಲ ಮೇಲಿಂದ ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು. ಅವಳಿಗೆ ಏಳು ವರ್ಷ, ಎರಡನೇ ತರಗತಿ. ಸಂಜೆ ಶಾಲೆ ಬಿಡುವವರೆಗೆ ಅವಳು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಊಟ ಬಿಟ್ಟಳು. ಮನೆಯ ಹೊಸಿಲು ದಾಟಿದ ಮೇಲೆ ಅತ್ತಳು.

ಶಾಲೆಗೆ ಸೇರಿದ ದಿನದಿಂದ ಅವಳು ಅಲ್ಲಿ ಮಾತಾಡಿರಲಿಲ್ಲ. ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳು, ಅಷ್ಟೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಅಮ್ಮನ ಸೆರಗಿನ ಹಿಂದೆ ನಿಲ್ಲುತ್ತಿದ್ದಳು. ‘ಏನವ್ವ, ಬಾಯಾಗೆ ಬೆಣ್ಣೆ ಇಟ್ಕಂಡೀಯಾ?’ ಎಂದು ಪಕ್ಕದ ಮನೆಯವರು ಗಲ್ಲ ಹಿಂಡುತ್ತಿದ್ದರು. ಅವಳ ಅಪ್ಪನ ತಾಯಿ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಮನೆಯೊಳಗೆ ಮಾತ್ರ ಅವಳ ಬಾಯಿಗೆ ಬಿಡುವಿರಲಿಲ್ಲ. ದಾವಣಗೆರೆ ಬಸ್ಸಿನ ಕಂಡಕ್ಟರನ್ನು ಅಣಕಿಸುತ್ತಿದ್ದಳು, ಅಜ್ಜಿ ಅಪ್ಪನನ್ನು ಗದರುವುದನ್ನು ಅದೇ ದನಿಯಲ್ಲಿ ಮಾಡಿ ತೋರಿಸುತ್ತಿದ್ದಳು.

ಕೈಗೆ ಪಟ್ಟಿ ಹಾಕಿದ ವೈದ್ಯರು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ಒಬ್ಬ ವಾಕ್ ಚಿಕಿತ್ಸಕಿಯ ವಿಳಾಸ ಕೊಟ್ಟರು. ನನ್ನ ಪತ್ರಿಕಾ ಕಚೇರಿಗೆ ಅದು ಹತ್ತಿರ. ಪ್ರತಿ ಶನಿವಾರ ತಾಯಿ-ಮಗಳಿಬ್ಬರನ್ನೂ ಬಸ್ ನಿಲ್ದಾಣದಿಂದ ಬೈಕಿನಲ್ಲಿ ಅಲ್ಲಿಗೆ ಬಿಡುವ ಕೆಲಸ ನನ್ನದಾಯಿತು.

ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ ಎಂದು ಆ ಮೇಡಂ ಮೊದಲ ದಿನ ಹೇಳಿದರು. ಮಗುವಿಗೆ ಮಾತು ಬರುತ್ತದೆ, ಕೆಲವು ಜಾಗಗಳಲ್ಲಿ ಭಯಕ್ಕೆ ಗಂಟಲು ಕಟ್ಟುತ್ತದೆ, ಇದು ಹಟವಲ್ಲ. ಪದ್ಯ ಹೇಳಿಸುವುದು, ನಾಲ್ಕು ಜನರ ಮುಂದೆ ನಿಲ್ಲಿಸುವುದು ತಮ್ಮ ಗುರಿಯಲ್ಲ ಎಂದರು. ಗುರಿ ಒಂದೇ: ನೋವಾದರೆ ಅವಳು ಟೀಚರಿಗೆ ಹೇಳಬೇಕು.

ಕೆಲಸ ನಿಧಾನ. ಕೋಣೆಯೊಳಗೆ ತಾಯಿ ಮಗಳು ಅಂಗಡಿಯಾಟ ಆಡುತ್ತಿದ್ದರು. ಮೇಡಂ ಹೊರಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಕೆಲವು ವಾರಗಳಾದ ಮೇಲೆ ಅವರ ಕುರ್ಚಿ ಬಾಗಿಲಿಗೆ ಬಂತು, ಆಮೇಲೆ ಒಳಗೆ. ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ಚಿತ್ರದ ಪುಸ್ತಕ ತಿರುವುತ್ತ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಒಂದು ಶನಿವಾರ, ‘ಈ ಹುಲಿ ಹಾಲು ಕುಡೀತೈತೆ’ ಎಂದರು.

‘ಬೆಕ್ಕು’ ಎಂದಳು ಹುಡುಗಿ.

ತಂಗಿಯ ಕಣ್ಣು ತುಂಬಿತು. ಮೇಡಂ ತಲೆ ಎತ್ತಲಿಲ್ಲ, ಸುಮ್ಮನಿರಿ ಎಂದು ಕೈಸನ್ನೆ ಮಾಡಿ ಪುಟ ತಿರುವಿದರು. ಹೊರಗೆ ಬಂದ ಮೇಲೆ, ‘ಮಾತಾಡಿದ್ಲು ಅಂತ ಹಬ್ಬ ಮಾಡಬ್ಯಾಡ್ರಿ. ಹಬ್ಬ ಮಾಡಿದ್ರೆ ಎಲ್ಲಾರೂ ತನ್ನೇ ನೋಡ್ತಾರೆ ಅಂತ ಮತ್ತೆ ಬಾಯಿ ಮುಚ್ತಾಳೆ’ ಎಂದರು.

ದಸರಾ ರಜೆಯ ನಂತರ ಅದೇ ಆಟ ಶಾಲೆಗೆ ಹೋಯಿತು. ಮಕ್ಕಳೆಲ್ಲ ಹೋದ ಮೇಲೆ ತಂಗಿ ಮಗಳೊಂದಿಗೆ ತರಗತಿಯಲ್ಲಿ ಕೂರುತ್ತಿದ್ದಳು. ಟೀಚರು ಕೊನೆಯ ಬೆಂಚಿನಲ್ಲಿ ಕಾಪಿ ತಿದ್ದುತ್ತ, ವಾರಕ್ಕೊಂದು ಬೆಂಚು ಮುಂದೆ ಬರುತ್ತಿದ್ದರು. ಸಂಕ್ರಾಂತಿಯ ಮರುವಾರ ಹುಡುಗಿ ಅವರ ಕಡೆ ನೋಡದೆ, ‘ಟೀಚರ್, ಪೆನ್ನು ಬಿತ್ತು’ ಎಂದಳು. ಟೀಚರು ಪೆನ್ನು ಎತ್ತಿಕೊಂಡು ಮತ್ತೆ ತಿದ್ದತೊಡಗಿದರು.

ಫೆಬ್ರವರಿಯಲ್ಲಿ ಮುಖ್ಯೋಪಾಧ್ಯಾಯರು ಹುಡುಗಿಯ ಅಪ್ಪನನ್ನು ಕರೆಸಿದರು. ಅಪ್ಪ ಮನೆಯ ಕೆಳಗೇ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಮಾತು ಬಾರದ ಮಗುವನ್ನು ಮೂರನೇ ತರಗತಿಗೆ ಇಟ್ಟುಕೊಳ್ಳುವುದು ಕಷ್ಟ, ವಿಶೇಷ ಶಾಲೆ ನೋಡಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅಪ್ಪ ಜೇಬಿನಿಂದ ಫೋನು ತೆಗೆದರು. ಹಿಂದಿನ ವಾರ ಮಗಳಿಗೆ ಗೊತ್ತಾಗದಂತೆ ಬಾಗಿಲ ಮರೆಯಿಂದ ತೆಗೆದಿದ್ದ ವಿಡಿಯೊ ಅದರಲ್ಲಿತ್ತು. ‘ಮುಂದ್ ಹೋಗ್ರಿ, ಮುಂದ್ ಜಾಗ ಐತೆ, ಬಾಗ್ಲಾಗೆ ನಿಲ್ಲಬ್ಯಾಡ್ರಿ’ ಎಂದು ಅವಳು ಕಂಡಕ್ಟರಾಗಿದ್ದಳು. ಮರುಕ್ಷಣ ಅಜ್ಜಿಯಾಗಿ, ‘ಏ, ಗ್ರೀಸ್ ಕೈಯಾಗೆ ರೊಟ್ಟಿ ಮುಟ್ತೀಯೇನೋ, ತೊಳ್ಕಂಡು ಬಾ’ ಎಂದು ಗದರುತ್ತಿದ್ದಳು.

ಮುಖ್ಯೋಪಾಧ್ಯಾಯರು ನಕ್ಕರು. ‘ಹಂಗಾರೆ ಇದು ಹಟ’ ಎಂದರು. ಫೋನು ಹಿಡಿದು ಎರಡನೇ ತರಗತಿಗೆ ನಡೆದರು, ಅಪ್ಪ ಹಿಂದೆ ಹೋದರು. ಟೀಚರು ಬೇಡವೆಂದರು; ಅದು ತನಗೆ ಕೇಳಿಸಿತ್ತು ಎಂದು ಅಪ್ಪನೇ ಆಮೇಲೆ ತಂಗಿಗೆ ಹೇಳಿದರು. ವಿಡಿಯೊ ತರಗತಿಯ ಮುಂದೆ ಎರಡು ಸಲ ಓಡಿತು. ಮಕ್ಕಳು ಬೆಂಚು ಬಡಿದು ನಕ್ಕರು.

‘ಬಾಯಿ ಐತಲ್ಲ? ಈಗ ಮಾತಾಡು’ ಎಂದು ಮುಖ್ಯೋಪಾಧ್ಯಾಯರು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು.

ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು ಕಂಡಕ್ಟ್ರು. ನೀರಿನ ನಲ್ಲಿಯ ಮುಂದೆ ಅವಳು ನಿಂತರೆ ಹಿಂದಿನವರು, ‘ಮುಂದ್ ಹೋಗ್ರಿ’ ಎನ್ನುತ್ತಿದ್ದರು. ಮನೆಯಲ್ಲಿ ಅಣಕ ನಿಂತಿತು. ಅಮ್ಮ, ಅಜ್ಜಿಯೊಂದಿಗೆ ಪಿಸುದನಿ ಉಳಿಯಿತು. ಅಪ್ಪ ಒಳಗೆ ಬಂದರೆ ಅದೂ ನಿಲ್ಲುತ್ತಿತ್ತು. ಯಾರಾದರೂ ಫೋನು ಕೈಗೆತ್ತಿಕೊಂಡರೆ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು.

‘ನನ್ನ ಮಗಳು ಮೂಗಿ ಅಲ್ಲ ಅಂತ ತೋರ್ಸಾಕೆ ಇನ್ನೇನು ಮಾಡಬೇಕಿತ್ತು, ಹೇಳ್ರಿ’ ಎಂದು ಅಪ್ಪ ನನ್ನನ್ನು ಕೇಳಿದರು. ಆಮೇಲೆ ಅವರು ಫೋನನ್ನು ಅಂಗಡಿಯಲ್ಲೇ ಇಟ್ಟು ಮನೆಗೆ ಹತ್ತುವುದನ್ನು ರೂಢಿ ಮಾಡಿಕೊಂಡರು.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ‘ಮೊದಲಿಂದ ಶುರು ಮಾಡೋಣ್ರಿ’ ಎಂದರು. ಅವರ ಕುರ್ಚಿ ಮತ್ತೆ ಹೊರಗೆ ಹೋಯಿತು. ಏಪ್ರಿಲ್ ಮೇ ಪೂರ್ತಿ ಅದು ಅಲ್ಲೇ ಇತ್ತು.

ಶಾಲೆ ಅವಳನ್ನು ಮೂರನೇ ತರಗತಿಗೆ ಇಟ್ಟುಕೊಂಡಿತು. ವಿಶೇಷ ಶಾಲೆಯ ಮಾತು ಮತ್ತೆ ಬರಲಿಲ್ಲ. ಹಟದ ಮಗು ಎಂಬ ಮಾತು ಹೊಸ ಟೀಚರ ಕಿವಿಗೂ ಹೋಗಿತ್ತು. ಸಂಜೆ ತಾಯಿ ಮಗಳು ತರಗತಿಯಲ್ಲಿ ಕೂರುವುದಕ್ಕೆ ಅವರು ಒಪ್ಪಲಿಲ್ಲ.

ಕಳೆದ ಮಂಗಳವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಅವಳು ಮತ್ತೆ ಬಿದ್ದಳು. ಮೊಣಕಾಲು ಒಡೆದು ರಕ್ತ ಕಾಲುಚೀಲಕ್ಕೆ ಇಳಿಯಿತು. ಗಂಟೆ ಹೊಡೆದಾಗ ತರಗತಿಗೆ ಹೋಗಿ ಕೂತಳು. ಕೊನೆಯ ಪೀರಿಯಡ್‌ನಲ್ಲಿ ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಹುಡುಗಿ ಎದ್ದು ನಿಂತು, ‘ಟೀಚರ್, ಇವಳಿಗೆ ನೋವಾಗ್ತೈತಂತೆ’ ಎಂದಳು. ಟೀಚರು ಗಾಯ ತೊಳೆದು ಔಷಧಿ ಹಚ್ಚಿದರು.

ಸಂಜೆ ಅಪ್ಪ ಅಂಗಡಿಯಿಂದ ಮೇಲೆ ಬಂದು, ಯಾವ ಕಾಲು ಎಂದು ಕೇಳಿದರು. ಅವಳು ಲಂಗ ಎತ್ತಿ ತೋರಿಸಿದಳು.